ಕೆರೆಯಲ್ಲಿ ಮುರುಗೋಡು, ಚೇಳುಮೀನು ಕಡಿಮೆಯಾದರೆ ಏನನ್ನು ನೋಡಬೇಕು?

ಮೀಸೆ ಇರುವ, ಹುರುಪೆ ಇಲ್ಲದ ಮೀನುಗಳೆಲ್ಲ (ಕ್ಯಾಟ್‌ಫಿಶ್) ಒಂದೇ ಬಗೆಯವಲ್ಲ. ಮುರುಗೋಡು ಮತ್ತು ಚೇಳುಮೀನು ನೀರಿನ ಮೇಲೆ ಬಂದು ಗಾಳಿಯನ್ನೂ ಉಸಿರಾಡುತ್ತವೆ. ಬಾಳೆಮೀನು, ಗೊದ್ಲೆ, ಗಿರ್ಲು ಬದುಕುವುದು ಕಿವಿರಿನಿಂದಲೇ. ಯಾವುದು ಮೊದಲು ಕಾಣೆಯಾಯಿತು ಎಂದು ಬಲೆ ಹಾಕುವವರನ್ನು ಕೇಳಿ. ಬಾಳೆ, ಗೊದ್ಲೆ ಹೋಗಿ ಮುರುಗೋಡು ಉಳಿದಿದ್ದರೆ ನೀರಿನ ಆಮ್ಲಜನಕವನ್ನು ಅನುಮಾನಿಸಿ. ನೀರು ಚೆನ್ನಾಗಿದ್ದೂ ಮುರುಗೋಡು ಇಲ್ಲವೆಂದರೆ ಕೆರೆಯ ಅಂಚು ಹಾಳಾಗಿರುವ ಸಾಧ್ಯತೆಯೇ ಹೆಚ್ಚು.

ಆಮ್ಲಜನಕವನ್ನು ಬೆಳಗಿನ ಜಾವ, ಸೂರ್ಯ ಹುಟ್ಟುವ ಮುಂಚೆ ಅಳೆಯಿರಿ. ಪಾಚಿ ಇರುವ ಕೆರೆಯಲ್ಲಿ ಮಧ್ಯಾಹ್ನದ ಲೆಕ್ಕ ಮೋಸ ಮಾಡುತ್ತದೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನಿಶ್ಚಿಂತೆ. 3ಕ್ಕಿಂತ ಕೆಳಗೆ ದಿನಗಟ್ಟಲೆ ನಿಂತರೆ ಕಿವಿರಿನ ಮೀನು ಸೊರಗುತ್ತದೆ. 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳಿ ತಟ್ಟೆಯನ್ನು ದಾರ ಕಟ್ಟಿ ಇಳಿಬಿಡಿ. ಅದು 20 ಸೆಂಟಿಮೀಟರ್ ಆಳ ಮುಟ್ಟುವ ಮೊದಲೇ ಮರೆಯಾದರೆ, ನೀರೂ ಹಸಿರಾಗಿದ್ದರೆ, ಪಾಚಿ ಅತಿಯಾಗಿದೆ. ಬೇಸಿಗೆಯ ಮೊದಲ ಮಳೆ ಅಪಾಯದ ಹೊತ್ತು: ರಾಜಕಾಲುವೆಯಲ್ಲಿ ನಿಂತ ಕೊಳಚೆ ಒಮ್ಮೆಲೇ ಒಳನುಗ್ಗುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ಮರೆಯುವಂತಿಲ್ಲ. ನೀರಿನ ಮೇಲಿನ ಕಳೆಯನ್ನು ಕೈಯಿಂದ ತೆಗೆದು ದಡದಿಂದ ದೂರ ಹಾಕಿ. ಔಷಧಿ ಹೊಡೆದರೆ ಕಳೆ ನೀರಲ್ಲೇ ಕೊಳೆತು ಇದ್ದ ಆಮ್ಲಜನಕವನ್ನೂ ತಿನ್ನುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಡೆಗಣನೆಗೆ ಒಳಗಾಗಿರುವುದು ಅಂಚು. ಮುಂಗಾರಿನಲ್ಲಿ ಹೊಸ ನೀರು ಬಂದಾಗ ಮುರುಗೋಡು ಮುಳುಗಿದ ಹುಲ್ಲಿನ ನಡುವೆ, ಮೊಣಕಾಲುದ್ದದ ನೀರಿನಲ್ಲಿ ಗುಳಿ ಮಾಡಿ ಮೊಟ್ಟೆಯಿಡುತ್ತದೆ. ಗಂಡು ಕಾವಲು ಕಾಯುತ್ತದೆ. ಸುಮಾರು ಒಂದು ದಿನದಲ್ಲಿ ಮರಿ ಹೊರಬರುತ್ತದೆ. ಹೂಳೆತ್ತುವ ನೆಪದಲ್ಲಿ ಕೆರೆಯನ್ನು ಬೋಗುಣಿಯಂತೆ ಕಡಿದಾಗಿ ಕೊರೆದು ಸುತ್ತಲೂ ಕಲ್ಲು ಹಾಸಿದರೆ ಈ ಗುಳಿಗೆ ಜಾಗವೇ ಇರುವುದಿಲ್ಲ. ಕಲ್ಲು ಏರಿಗೆ ಮಾತ್ರ ಬೇಕು. ನೀರು ಬರುವ ಕಡೆ ಹತ್ತು ಅಡಿಗೆ ಒಂದಡಿ ಇಳಿಜಾರು ಬಿಡಿ, ಜೊಂಡು ಉಳಿಸಿ. ಕಾಲುವೆಯಲ್ಲಿ ಎತ್ತರದ ಕಟ್ಟೆ ಇದ್ದರೆ ಕೆಳಬದಿಗೆ ಒರಟು ಕಲ್ಲುಗಳನ್ನು ಓರೆಯಾಗಿ ಜೋಡಿಸಿ, ಮೀನು ಹತ್ತಲು ದಾರಿ ಮಾಡಿ. ಮುಂಗಾರಿನ ಮೊದಲ ಮಳೆಗೆ ಹತ್ತುಮೀನು, ಅಂದರೆ ಹರಿವಿಗೆ ಎದುರಾಗಿ ಹತ್ತಿ ಬರುವ ಮೀನು, ಹಿಡಿಯುವುದನ್ನು ಊರಿನವರು ಕೂತು ಮಾತಾಡಿ ನಿಲ್ಲಿಸಲೇಬೇಕು. ಬುಟ್ಟಿಗೆ ಬೀಳುವುದು ಹೆಚ್ಚಾಗಿ ಮೊಟ್ಟೆ ತುಂಬಿದ ಮೀನೇ.

ನಾಟಿ ಮೀನನ್ನು ತಿನ್ನುವ, ಹೊರದೇಶದ ಆಫ್ರಿಕನ್ ಕ್ಯಾಟ್‌ಫಿಶ್ ಸೇರಿಕೊಂಡಿದೆಯೇ ನೋಡಿ. ಇದರ ಸಾಕಣೆಗೆ ನಿಷೇಧವಿದ್ದರೂ ಕಳ್ಳದಾರಿಯಲ್ಲಿ ಬರುತ್ತಿದೆ. ತಲೆಬುರುಡೆಯ ಹಿಂದಂಚನ್ನು ಬೆರಳಿನಿಂದ ಸವರಿ: ನಾಟಿ ಮುರುಗೋಡಿನಲ್ಲಿ ಒಂದೇ ದುಂಡು ಮೊನೆ, ಆಫ್ರಿಕನ್‌ನಲ್ಲಿ ಮೂರು ಮೊನೆ. ಹಲವು ಕಿಲೋ ತೂಗುವ ಮೀನಾದರೆ ಅದು ನಾಟಿಯಲ್ಲ. ಸಿಕ್ಕಿದ್ದನ್ನು ಮತ್ತೆ ನೀರಿಗೆ ಬಿಡಬೇಡಿ. ಕೋಳಿ ಅಂಗಡಿಯ ತ್ಯಾಜ್ಯ ಕೆರೆಗೆ ಬೀಳುವುದನ್ನು ತಡೆಯಿರಿ, ಅದನ್ನು ತಿಂದೇ ಇದು ಕೊಬ್ಬುತ್ತದೆ.

ಎಷ್ಟಿವೆ ಎಂದು ತಿಳಿಯಲು ಫೆಬ್ರವರಿಯಲ್ಲಿ, ಒಳಹರಿವೂ ಕೋಡಿಯೂ ಇಲ್ಲದಾಗ ಎಣಿಸಿ.

1. ಸಂಜೆ ಬಿದಿರಿನ ಕೂಳಿ (ಮೀನು ಹಿಡಿಯುವ ಬುಟ್ಟಿ) ಇಡಿ. ಅದರ ಮೇಲ್ಭಾಗ ನೀರಿನಿಂದ ಹೊರಗಿರಲಿ. ಪೂರ್ತಿ ಮುಳುಗಿದರೆ ಗಾಳಿ ಸಿಗದೆ ಮುರುಗೋಡು ಸಾಯುತ್ತದೆ.
2. ಬೆಳಿಗ್ಗೆ ಸಿಕ್ಕ ಮೀನಿನ ಹೊಟ್ಟೆಯ ಒಂದು ರೆಕ್ಕೆಯ ತುದಿಯನ್ನು ಮಾತ್ರ ಗುರುತಿಗಾಗಿ ಕತ್ತರಿಸಿ, ಮೀನನ್ನು ಮತ್ತೆ ನೀರಿಗೆ ಬಿಡಿ. ಚೇಳುಮೀನಿನ ಎದೆಮುಳ್ಳಿನಲ್ಲಿ ವಿಷವಿದೆ, ದಪ್ಪ ಕೈಗವಸು ಹಾಕಿ. ಚುಚ್ಚಿದರೆ ತಡೆಯುವಷ್ಟು ಬಿಸಿಯ ನೀರಿನಲ್ಲಿ ಕೈ ಅದ್ದಿ, ಆಸ್ಪತ್ರೆಗೆ ಹೋಗಿ.
3. ಹತ್ತು ದಿನ ಬಿಟ್ಟು ಮತ್ತೆ ಹಿಡಿಯಿರಿ.

ಮೊದಲು ಗುರುತು ಮಾಡಿದ್ದು 80, ಎರಡನೇ ಸಲ ಸಿಕ್ಕಿದ್ದು 60, ಅದರಲ್ಲಿ ಗುರುತಿನವು 8 ಎಂದುಕೊಳ್ಳಿ. ಮೂರಕ್ಕೂ ಒಂದೊಂದು ಕೂಡಿಸಿ: 81ನ್ನು 61ರಿಂದ ಗುಣಿಸಿ, 9ರಿಂದ ಭಾಗಿಸಿ, ಒಂದು ಕಳೆದರೆ 548. ಕೆರೆಯಲ್ಲಿರುವ ಆ ಜಾತಿಯ ಮೀನಿನ ಅಂದಾಜು ಇದು. ಗುರುತಿನವು ಎರಡೋ ಮೂರೋ ಸಿಕ್ಕರೆ ಆ ಲೆಕ್ಕವನ್ನು ನಂಬಬೇಡಿ, ಕೂಳಿ ಹೆಚ್ಚಿಸಿ. ಪ್ರತಿ ಜಾತಿಗೂ ಬೇರೆ ಲೆಕ್ಕ ಇಡಿ.

ನವೆಂಬರಿನಲ್ಲೊಮ್ಮೆ ಸಣ್ಣ ಕಣ್ಣಿನ ಬಲೆಯಲ್ಲಿ ಅಂಚಿನ ಜೊಂಡನ್ನು ಜಾಲಾಡಿ. ಬೆರಳುದ್ದದ ಮರಿ ಒಂದೂ ಇಲ್ಲದಿದ್ದರೆ ಆ ವರ್ಷ ಸಂತಾನವೇ ಉಳಿದಿಲ್ಲ. ಹೊರಗಿನಿಂದ ಮರಿ ತಂದು ಬಿಡುವ ಮುನ್ನ ಅಂಚನ್ನೂ ಕಾಲುವೆಯನ್ನೂ ಸರಿಮಾಡಿ.