ಹತ್ತಿ ಅರಿವೆಗೆ ನೀರು ಹಿಡಿಯದಂತೆ ಮಾಡಿದ್ದು

ಬನಹಟ್ಟಿಯಲ್ಲಿ ನಮ್ಮದು ಸೀರೆ ನೇಯುವ ಮನೆತನ. ಈಗ ಒಂದು ಮಗ್ಗವನ್ನು ದಪ್ಪ ನೂಲಿನ ಅರಿವೆಗೆಂದೇ ಬಿಟ್ಟು, ಅದರಿಂದ ಶಾಲೆ ಮಕ್ಕಳ ಚೀಲ ಹೊಲಿಸುತ್ತೇನೆ. ಮಳೆಗಾಲ ಬಂದರೆ ಪುಸ್ತಕ ಉಳಿಸಲು ಪ್ಲಾಸ್ಟಿಕ್ ಚೀಲವೇ ಗತಿ ಎನ್ನುವುದು ನನಗೆ ಸಹಿಸದ ಮಾತು. ಆ ಹಟವೇ ನನ್ನನ್ನು ಸಿಲಿಕೋನ್ ಲೇಪನದ ಕೆಲಸಕ್ಕೆ ಹಚ್ಚಿತು.

ಮಗ್ಗದಿಂದ ಇಳಿಸಿದ ಕೋರಾ, ಅಂದರೆ ಇನ್ನೂ ತೊಳೆಯದ, ಅರಿವೆಯ ಮೇಲೆ ಹನಿ ಹಾಕಿ ನೋಡಿ, ಒಂದಿಷ್ಟು ಹೊತ್ತು ನಿಲ್ಲುತ್ತದೆ. ಹತ್ತಿಯ ಎಳೆಗೆ ಹುಟ್ಟಿನಿಂದಲೇ ತೆಳುವಾದ ಮೇಣವಿದೆ. ಅದನ್ನೇ ನಂಬಿ ಕೂರುವಂತಿಲ್ಲ; ಮೇಣ ಎಲ್ಲ ಕಡೆ ಸಮನಾಗಿರುವುದಿಲ್ಲ, ಜೊತೆಗೆ ನೇಯುವ ಮುನ್ನ ಹಾಸಿನ ಉದ್ದ ನೂಲಿಗೆ ಹಚ್ಚಿದ ಗಂಜಿಯು ನೀರು ಕಂಡರೆ ಉಬ್ಬುತ್ತದೆ. ಎರಡೂ ಹೋದ ಮೇಲೆ ಉಳಿಯುವ ಸೆಲ್ಯುಲೋಸ್‌ನಲ್ಲಿ, ಅಂದರೆ ಹತ್ತಿಯ ಮೂಲ ವಸ್ತುವಿನಲ್ಲಿ, ನೀರನ್ನು ಸೆಳೆಯುವ ಹೈಡ್ರಾಕ್ಸಿಲ್ ಗುಂಪುಗಳಿವೆ. ಸಿಲಿಕೋನ್ ಆ ಎಳೆಯನ್ನು ಸುತ್ತಿ, ನೀರಿಗೆ ಒಲ್ಲದ ಮೀಥೈಲ್ ಗುಂಪುಗಳನ್ನು ಹೊರಮುಖವಾಗಿ ನಿಲ್ಲಿಸುತ್ತದೆ. ಆಮೇಲೆ ಹನಿ ಹರಡುವುದಿಲ್ಲ, ಗುಂಡಗೆ ನಿಂತು ಜಾರುತ್ತದೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಕೆಲಸ ತೊಳೆಯುವುದರಲ್ಲೇ ಇದೆ. ಗಂಜಿ ಕರಗಿಸುವ ಕಿಣ್ವ ಹಾಕಿದ ಬಿಸಿನೀರಲ್ಲಿ ಅರಿವೆ ನೆನೆಸುತ್ತೇನೆ. ಗಂಜಿ ಹೋಯಿತೋ ಇಲ್ಲವೋ ತಿಳಿಯಲು ಮೂಲೆಗೆ ಒಂದು ಹನಿ ಅಯೋಡಿನ್ ಸಾಕು: ನೀಲಿಯಾದರೆ ಇನ್ನೂ ಇದೆ. ಆಮೇಲೆ ಮೇಣ ಬಿಡಿಸಲು ಸೋಡಾ, ಸಾಬೂನು ಹಾಕಿ ಕುದಿಸಿ, ನೊರೆಯ ಸುಳಿವೂ ಇಲ್ಲದಂತೆ ಜಾಲಿಸಬೇಕು. ಸಾಬೂನಿನ ಅಂಶ ಉಳಿದರೆ ಅದೇ ನೀರನ್ನು ಒಳಗೆ ಕರೆಯುತ್ತದೆ, ಎಷ್ಟು ಒಳ್ಳೆಯ ಸಿಲಿಕೋನ್ ಇದ್ದರೂ ವ್ಯರ್ಥ. ಕೊನೆಯ ನೀರಿಗೆ ತುಸು ವಿನೆಗರ್ ಹಾಕಿ ಕ್ಷಾರ ತೆಗೆಯುತ್ತೇನೆ. ನಮ್ಮ ಬೋರ್‌ವೆಲ್ ನೀರು ಗಡಸು, ಲೇಪನದ ದ್ರಾವಣಕ್ಕೆ ಮಾತ್ರ ಶುದ್ಧೀಕರಿಸಿದ ನೀರನ್ನೇ ತರುತ್ತೇನೆ.

ಸಿಲಿಕೋನ್ ಎಮಲ್ಷನ್, ಅಂದರೆ ಸಣ್ಣ ಹನಿಗಳಾಗಿ ನೀರಲ್ಲಿ ಬೆರೆತ ಸಿಲಿಕೋನ್, ಹಾಲಿನಂತೆ ಬೆಳ್ಳಗಿರುತ್ತದೆ. ಅದಕ್ಕೆ ಎಷ್ಟು ನೀರು, ಲೇಪ ಬೇಗ ಕೂರಿಸುವ ವೇಗವರ್ಧಕ ಎಷ್ಟು ಎನ್ನುವುದು ಮಾರುವವರು ಕೊಡುವ ಹಾಳೆಯಲ್ಲಿರುತ್ತದೆ, ಅದನ್ನು ಮೀರುವುದಿಲ್ಲ. ಅರಿವೆ ಅದ್ದಿ ರೋಲರ್ ನಡುವೆ ಹಿಂಡಿದಾಗ 1 ಕಿಲೋ ಒಣ ಅರಿವೆ ಸುಮಾರು 1.7 ಕಿಲೋ ತೂಗಬೇಕು. ಹೆಚ್ಚು ಉಳಿದರೆ ಮೈ ಜಿಡ್ಡಾಗುತ್ತದೆ. ಬೆರೆಸಿದ ದ್ರಾವಣವನ್ನು ಬಿಗಿಯಾಗಿ ಮುಚ್ಚಿಡಬಾರದು. ಕೆಲವು ಬಗೆಯ ಸಿಲಿಕೋನ್ ಹೈಡ್ರೋಜನ್ ಬಿಡುತ್ತದೆ, ಡಬ್ಬಿ ಉಬ್ಬುತ್ತದೆ, ಹತ್ತಿರ ಬೆಂಕಿ ಇದ್ದರೆ ಅಪಾಯ.

ನೆರಳಲ್ಲಿ ಒಣಗಿಸಿದರಷ್ಟಕ್ಕೇ ಮುಗಿಯಲಿಲ್ಲ. ಸಿಲಿಕೋನ್‌ನ ಉದ್ದ ಅಣುಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳಲು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಕೆಲವು ನಿಮಿಷ ಬೇಕು. ಅರಿವೆಯನ್ನು ಹರಡಿ ಕಾಯಿಸುವ ದೊಡ್ಡ ಗಿರಣಿಯ ಸ್ಟೆಂಟರ್ ಯಂತ್ರ ನನ್ನಲ್ಲಿಲ್ಲ. ಟೀ ಶರ್ಟ್ ಮೇಲೆ ಚಿತ್ರ ಒತ್ತುವ ಹೀಟ್ ಪ್ರೆಸ್‌ನಲ್ಲಿ ತುಂಡು ತುಂಡಾಗಿ ಒತ್ತುತ್ತೇನೆ, ಕಿಟಕಿ ಬಾಗಿಲು ತೆರೆದಿಟ್ಟು.

ಪರೀಕ್ಷೆಗೆ ಅರಿವೆಯನ್ನು ಕಸೂತಿ ಚೌಕಟ್ಟಿಗೆ ಬಿಗಿದು 45 ಡಿಗ್ರಿ ಓರೆಯಾಗಿಟ್ಟು, 15 ಸೆಂಟಿಮೀಟರ್ ಮೇಲಿಂದ 250 ಮಿಲಿಲೀಟರ್ ನೀರನ್ನು ಜರಡಿ ಬಾಯಿಯಿಂದ ಸುರಿಯುತ್ತೇನೆ. ಪ್ರಯೋಗಾಲಯಗಳ ಸ್ಪ್ರೇ ಪರೀಕ್ಷೆಯ ಅಳತೆಯೂ ಇದೇ. ಒಮ್ಮೆ ಕೊಡವಿದರೆ ಮೇಲ್ಮೈ ಒಣಗಿರಬೇಕು. ನೋಡಿದ ನೆರೆಯ ಕಾಕಾ, ‘ಏನಪಾ, ಇದಕ್ಕ ಪ್ಲಾಸ್ಟಿಕ್ ಬಳದೀ ಏನ?’ ಅಂದರು. ‘ಬಾಯಿ ಹಚ್ಚಿ ಊದಿ ನೋಡ್ರಿ ಕಾಕಾ’ ಅಂದೆ. ಗಾಳಿ ಆಚೆ ಹೋಯಿತು. ರಂಧ್ರ ಮುಚ್ಚದೆ ಬರೀ ಎಳೆಗೆ ಮಾತ್ರ ಲೇಪ ಕೂರುವುದರಿಂದಲೇ ಅರಿವೆ ಅರಿವೆಯಾಗಿ ಉಳಿಯುತ್ತದೆ.

ಇದೇ ಕಾರಣಕ್ಕೆ ಅದಕ್ಕೊಂದು ಮಿತಿಯೂ ಇದೆ. ಜಿಟಿಜಿಟಿ ಮಳೆ ತಡೆಯುತ್ತದೆ, ಒತ್ತಿ ಹಿಡಿದರೆ ನೀರು ಒಳಗಿಳಿಯುತ್ತದೆ. ಎಣ್ಣೆಯಂತೂ ನೇರ ಇಳಿಯುತ್ತದೆ. ಎಣ್ಣೆಯನ್ನೂ ತಡೆಯುವ ಫ್ಲೋರೋಕಾರ್ಬನ್ ಲೇಪನಗಳು ಸಿಗುತ್ತವೆ. ಆದರೆ ಅವುಗಳ ಹಳೆಯ ಬಗೆಯ ಜೊತೆ ಬರುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕ 2019ರಲ್ಲಿ, ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು; ಆ ಕುಟುಂಬದ ರಾಸಾಯನಿಕ ಮಣ್ಣು ನೀರಲ್ಲಿ ಬಹುಕಾಲ ಒಡೆದು ನಾಶವಾಗದೆ ಉಳಿಯುತ್ತದೆ. ಮಕ್ಕಳ ಹೆಗಲಿಗೆ ಹಾಕುವ ಚೀಲಕ್ಕೆ ಅದು ಬೇಡವೆಂದೇ ಬಿಟ್ಟೆ. ಹೆಗಲಪಟ್ಟಿ ಉಜ್ಜುವ ಕಡೆ ಲೇಪ ಬೇಗ ಸವೆಯುತ್ತದೆ, ಅಲ್ಲಿ ಎರಡು ಪದರ ಹಾಕಿಸುತ್ತೇನೆ. ಹೊಲಿಗೆಯ ತೂತಿನಿಂದ ನೀರು ಹೀರದಂತೆ ನೂಲಿನ ಉಂಡೆಯನ್ನೂ ಇದೇ ದ್ರಾವಣದಲ್ಲಿ ಅದ್ದಿ ಕಾಯಿಸಿಕೊಳ್ಳುತ್ತೇನೆ.