ಶೂನ್ಯದ ವರ್ಷ ಬಿಡಿ, ಒಟ್ಟು ಟನ್ ಕೂಡಿಸಿ

ಬಾಗಲಕೋಟೆ ಸುತ್ತಲಿನ ಸಿಮೆಂಟ್, ಸಕ್ಕರೆ ಕಾರ್ಖಾನೆಗಳ ಇಂಗಾಲ ಕಡಿತದ ಯೋಜನೆಗಳನ್ನು ಹೋಲಿಸುವಾಗ ‘ನಿವ್ವಳ ಶೂನ್ಯ (ಬಿಟ್ಟಷ್ಟನ್ನೂ ಹೀರಿಸಿ ಸರಿದೂಗಿಸುವ ಸ್ಥಿತಿ) ಯಾವ ವರ್ಷ’ ಅನ್ನುವ ಸಾಲನ್ನು ನಾನು ಕಡೆಗೆ ಓದುತ್ತೇನೆ. ಭೂಮಿ ಬಿಸಿಯಾಗುವುದು ಅಲ್ಲಿಯವರೆಗೆ ಬಿಟ್ಟ ಒಟ್ಟು ಇಂಗಾಲದ ಡೈಆಕ್ಸೈಡಿನಿಂದ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿಯ 6ನೇ ವರದಿಯ ಲೆಕ್ಕದಲ್ಲಿ 1,000 ಗಿಗಾಟನ್‌ಗೆ ಸುಮಾರು 0.45 ಡಿಗ್ರಿ (ಗಿಗಾಟನ್ ಅಂದರೆ 100 ಕೋಟಿ ಟನ್).

ಎಕ್ಸೆಲ್‌ನಲ್ಲಿ 2025ರಿಂದ 2060ರವರೆಗೆ ವರ್ಷಕ್ಕೊಂದು ಸಾಲು, ಯೋಜನೆಗೊಂದು ಕಾಲಂ. ಮಧ್ಯದ ವರ್ಷಗಳ ಅಂಕಿ ಕೊಟ್ಟಿರದಿದ್ದರೆ ನೇರ ಗೆರೆ ಎಳೆದು ತುಂಬುತ್ತೇನೆ. ಅಕ್ಕಪಕ್ಕದ ಎರಡು ವರ್ಷಗಳ ಸರಾಸರಿ ತೆಗೆದು ಕೂಡಿಸಬೇಕು. 2025ರಲ್ಲಿ ಬಿಡುವ ಡೈಆಕ್ಸೈಡ್ 100 ಟನ್ ಇರಲಿ. 2050ಕ್ಕೆ ನೇರವಾಗಿ ಸೊನ್ನೆಗೆ ಇಳಿದರೆ ಒಟ್ಟು 1,250. ಅದೇ 2050, ಆದರೆ 2040ರವರೆಗೆ ಇಳಿಕೆಯೇ ಇಲ್ಲದಿದ್ದರೆ 2,000. ಇನ್ನೊಂದು ಯೋಜನೆ 2035ಕ್ಕೆ ಅರ್ಧ ಇಳಿಸಿ, 2060ಕ್ಕೆ ಸೊನ್ನೆ ಮುಟ್ಟುತ್ತದೆ: 1,375. ಹತ್ತು ವರ್ಷ ತಡವಾದರೂ ಎರಡನೆಯದಕ್ಕಿಂತ ಎಷ್ಟೋ ವಾಸಿ.

ಸಿಮೆಂಟ್‌ನಲ್ಲಿ ‘ಪೂರ್ತಿ ಸೌರ ವಿದ್ಯುತ್’ ಅಂದ ಕೂಡಲೇ ಖುಷಿಪಡಬೇಡಿ. ಸುಣ್ಣದಕಲ್ಲು ಕಾದು ಒಡೆಯುವಾಗಲೇ ಒಂದು ಟನ್ ಕ್ಲಿಂಕರ್‌ಗೆ (ಗೂಡಿನಲ್ಲಿ ಬೆಂದು ಬರುವ, ಅರೆದು ಸಿಮೆಂಟ್ ಮಾಡುವ ಗಟ್ಟಿ) ಸುಮಾರು 0.52 ಟನ್ ಡೈಆಕ್ಸೈಡ್ ಹೊರಬರುತ್ತದೆ. ಗೂಡಿನ ಕಲ್ಲಿದ್ದಲು ಬೇರೆ. ಸೌರ ಫಲಕ ಇವೆರಡನ್ನೂ ಮುಟ್ಟುವುದಿಲ್ಲ. ಹಾಗಾಗಿ ನಾನು ಮೊದಲು ಕೇಳುವುದು ಸಿಮೆಂಟಿನಲ್ಲಿ ಕ್ಲಿಂಕರ್ ಎಷ್ಟು ಪಾಲು ಅನ್ನುವುದನ್ನು. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್‌ನಲ್ಲಿ ಶೇ 35ರವರೆಗೆ ಬೂದಿಗೆ ಅವಕಾಶವಿದೆ. ಆದರೆ ಆ ಬೂದಿ ಬರುವುದು ಕೂಡಗಿಯಂಥ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಂದ. ಅವು ನಿಂತ ಮೇಲೆ ಏನು ಬೆರೆಸುತ್ತೀರಿ ಅನ್ನುವುದಕ್ಕೂ ಯೋಜನೆಯಲ್ಲಿ ಉತ್ತರ ಇರಬೇಕು.

‘ಟನ್ ಸಿಮೆಂಟ್‌ಗೆ ಶೇ 30 ಕಡಿತ’ ಅಂದರೆ ಉತ್ಪಾದನೆಯ ಅಂದಾಜನ್ನೂ ಕೇಳಿ ಪಡೆಯಿರಿ. ಉತ್ಪಾದನೆ ಎರಡು ಪಟ್ಟಾದರೆ ಒಟ್ಟು ಹೊಗೆ 1.4 ಪಟ್ಟು. 2030ಕ್ಕೆ ಜಿಡಿಪಿಯ ಪ್ರತಿ ರೂಪಾಯಿಗೆ 2005ಕ್ಕಿಂತ ಶೇ 45 ಕಡಿತ ಅನ್ನುವ ಭಾರತದ ಗುರಿಯೂ ಇದೇ ಜಾತಿಯದು. ಅದನ್ನು ಒಟ್ಟು ಟನ್‌ಗೆ ಇಳಿಸದೆ ಬೇರೆ ದೇಶದ ಗುರಿಯ ಪಕ್ಕ ಇಡಬಾರದು.

ಸಕ್ಕರೆ ಕಾರ್ಖಾನೆಯಲ್ಲಿ ಬಗಾಸ್ (ಕಬ್ಬಿನ ಸಿಪ್ಪೆ) ಸುಟ್ಟ ಡೈಆಕ್ಸೈಡ್ ಒಟ್ಟು ಲೆಕ್ಕಕ್ಕೆ ಬರುವುದಿಲ್ಲ, ಪ್ರತ್ಯೇಕ ತೋರಿಸಬೇಕು. ಹಂಗಾಮು ಮುಗಿದ ಮೇಲೆ ಅದೇ ಬಾಯ್ಲರ್‌ಗೆ ಹಾಕಿದ ಕಲ್ಲಿದ್ದಲು ಲೆಕ್ಕಕ್ಕೆ ಬರುತ್ತದೆ. ಕಬ್ಬಿನ ಟ್ರ್ಯಾಕ್ಟರ್‌ಗಳ ಡೀಸೆಲ್ (ಲೀಟರ್‌ಗೆ 2.68 ಕೆಜಿ) ಗುತ್ತಿಗೆದಾರರ ಖಾತೆಯದೆಂದು ಬಿಟ್ಟುಹೋಗುವುದೇ ಹೆಚ್ಚು. ಡಿಸ್ಟಿಲರಿ ತ್ಯಾಜ್ಯನೀರಿನ ಮೀಥೇನ್‌ಗೆ ಅದನ್ನು ಡೈಆಕ್ಸೈಡಿನ ಲೆಕ್ಕಕ್ಕೆ ತರಲು ಒಬ್ಬರು 25ರಿಂದ, ಇನ್ನೊಬ್ಬರು 28ರಿಂದ ಗುಣಿಸಿರುತ್ತಾರೆ. ಎರಡನ್ನೂ ಒಂದೇ ಅಂಕಿಗೆ ತನ್ನಿ. ಆದರೆ ಆ ಮೀಥೇನ್ ಕೂಡಿಸಿದ ಮೊತ್ತವನ್ನು, ತಾಪದ ಮಿತಿ ದಾಟದಂತೆ ಇನ್ನೆಷ್ಟು ಬಿಡಬಹುದು ಅನ್ನುವ ಇಂಗಾಲದ ಬಜೆಟ್‌ಗೆ ಹೋಲಿಸಬೇಡಿ. 1.5 ಡಿಗ್ರಿಗೆ 50:50 ಸಾಧ್ಯತೆಯಲ್ಲಿ 2020ರಿಂದ ಉಳಿದಿದ್ದ 500 ಗಿಗಾಟನ್ ಬರೀ ಡೈಆಕ್ಸೈಡಿನದು. ಅದರಲ್ಲಿ ಮೊದಲ ಐದು ವರ್ಷಕ್ಕೇ ಸುಮಾರು 200 ಖರ್ಚಾಯಿತು.

ಗಿಡ ನೆಟ್ಟು ಹೀರಿಸುವ ಲೆಕ್ಕಕ್ಕೆ ಬೇರೆ ಕಾಲಂ, ಅದನ್ನು ಸೊನ್ನೆ ಮಾಡಿಯೂ ಒಮ್ಮೆ ಮೊತ್ತ ನೋಡುತ್ತೇನೆ. ಆಧಾರ ವರ್ಷವೂ ಮುಖ್ಯ. ಕಬ್ಬು ಭರ್ತಿ ನುರಿಸಿದ ವರ್ಷ ಹಿಡಿದರೆ, 2019ರಂಥ ನೆರೆ ಬಂದು ಕಬ್ಬು ಕಡಿಮೆಯಾದಾಗ ಏನೂ ಮಾಡದೆಯೇ ‘ಕಡಿತ’ ಕಾಣುತ್ತದೆ. ಮೂರು ಹಂಗಾಮಿನ ಸರಾಸರಿ ಕೊಡದ ಯೋಜನೆಯನ್ನು ನಾನು ಹೋಲಿಕೆಗೆ ಸೇರಿಸುವುದಿಲ್ಲ.