ಆಕ್ಸಲ್ ಬಾಗು ತೆಗೆದದ್ದು ಹೀಗೆ

ಗದಗ ಕಡೆ ಎರೆಹೊಲದಲ್ಲಿ ಓಡಿಸಲು ಹಳೇ ಜೀಪಿನ ಚಾಸಿ ಮೇಲೆ ನಾನೇ ಕಟ್ಟಿಕೊಂಡ ಟ್ರಕ್ಕಿದು. ರಸ್ತೆಗೆ ಇಳಿಸುವುದಿಲ್ಲ, ಇಳಿಸುವುದಾದರೆ ಆರ್‌ಟಿಒ ಒಪ್ಪಿಗೆ ಬೇಕು. ಹಿಂದಿನ ಆಕ್ಸಲ್ ಹುಬ್ಬಳ್ಳಿಯ ಗುಜರಿಯದು. ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ಆಕ್ಸಲ್ಲಿನ ಮೇಲ್ಗಡೆ ಕೂರುವಂತೆ ಯಾರೋ ಮೊದಲೇ ಪ್ಯಾಡ್, ಅಂದರೆ ಸ್ಪ್ರಿಂಗ್ ಕೂರುವ ಕಬ್ಬಿಣದ ಪೀಠ, ವೆಲ್ಡ್ ಮಾಡಿದ್ದರು. ಗಾಡಿ ಎತ್ತರವೇನೋ ಆಯ್ತು. ಆದರೆ ಎಡಗಡೆ ಆಯಿಲ್ ಸೀಲ್ ಹೊಸದು ಹಾಕಿದರೂ ಸೋರುತ್ತಿತ್ತು, ಟೈರಿನ ಒಳ ಅಂಚು ಬೇಗ ಸವೆಯುತ್ತಿತ್ತು.

ಸೀಲ್ ಸರಿಯಾಗೇ ಇತ್ತು, ಬಾಗಿದ್ದು ಟ್ಯೂಬು, ಅಂದರೆ ಚಕ್ರ ತಿರುಗಿಸುವ ಶಾಫ್ಟ್ ಒಳಗೆ ಕೂರುವ ಆಕ್ಸಲ್ಲಿನ ಹೊರ ಕೊಳವೆ. ಬೇರಿಂಗ್ ಜಾಗಕ್ಕೆ ಸರಿಯಾಗಿ ಕೂರುವ ರಿಂಗ್‌ಗಳನ್ನು ಲೇತ್‌ನಲ್ಲಿ ಮಾಡಿಸಿ, ನೆಟ್ಟಗಿನ ಶಾಫ್ಟ್ ತೂರಿಸಿದೆ. ಎಡಗಡೆ ರಿಂಗಿಗೆ ತಾಗಿ ನಿಂತೇಬಿಟ್ಟಿತು. ಪ್ಯಾಡ್ ಕೂರಿಸಲು ಟ್ಯೂಬಿನ ಮೇಲ್ಗಡೆ ಒಂದೇ ಸಮ ವೆಲ್ಡ್ ಎಳೆದರೆ, ಆರುವಾಗ ಕಬ್ಬಿಣ ಕುಗ್ಗಿ ಟ್ಯೂಬಿನ ತುದಿಯನ್ನು ಮೇಲಕ್ಕೆ ಎಳೆಯುತ್ತದೆ, ಅಲ್ವಾ?

ಹಳೇ ಪ್ಯಾಡ್ ಕತ್ತರಿಸಿ, ಗ್ರೈಂಡ್ ಮಾಡಿದೆ. ಟ್ಯೂಬಿನ ಕೆಳಬದಿಯಲ್ಲಿ ಚಿಕ್ಕ ಜಾಗವನ್ನು ಗ್ಯಾಸ್ ಟಾರ್ಚ್‌ನಿಂದ ಮಂದ ಕೆಂಪಾಗುವಷ್ಟು ಕಾಯಿಸಿ ಗಾಳಿಗೆ ಬಿಟ್ಟೆ. ನೀರು ಸುರಿಯಬಾರದು, ಬಿರುಕು ಬರಬಹುದು. ಆರಿದ ಮೇಲೆ ಶಾಫ್ಟ್ ತೂರಿಸಿ ನೋಡುವುದು, ಮತ್ತೆ ಸ್ವಲ್ಪ ಕಾಯಿಸುವುದು. ಅವಸರ ಮಾಡಿದರೆ ಈ ಕೆಲಸ ಕೆಡುತ್ತದೆ.

ಹೊಸ ಪ್ಯಾಡಿಗೆ ಮೊದಲು ಬರೀ ಟ್ಯಾಕ್, ಅಂದರೆ ತಾತ್ಕಾಲಿಕವಾಗಿ ಹಿಡಿದಿಡುವ ಚುಕ್ಕಿ ವೆಲ್ಡ್. ಗಾಡಿಯನ್ನು ಅದರ ಚಕ್ರದ ಮೇಲೆ ನಿಲ್ಲಿಸಿ, ಗೇರ್‌ಬಾಕ್ಸ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟಿಗೆ ಪಿನಿಯನ್ (ಆ ಶಾಫ್ಟ್ ಸೇರುವ ಆಕ್ಸಲ್ಲಿನ ಗೇರು) ಕೋನ ಹೊಂದಿಸಿಕೊಂಡೆ. ಆಮೇಲೆ ಸೀಲ್, ಬೇರಿಂಗ್ ಎಲ್ಲ ತೆಗೆದು, ಒಣಗಿಸಿದ 7018 ನಮೂನೆಯ ವೆಲ್ಡಿಂಗ್ ರಾಡ್‌ನಿಂದ ಇಂಚುದ್ದ ವೆಲ್ಡ್: ಎಡಕ್ಕೊಂದು, ಬಲಕ್ಕೊಂದು. ಕೈ ಇಡುವಷ್ಟು ತಣ್ಣಗಾದ ಮೇಲೆಯೇ ಮುಂದಿನದು. ಈಗ ಶಾಫ್ಟ್ ಸಲೀಸಾಗಿ ತೂರುತ್ತದೆ, ಬ್ರೇಕ್ ಡ್ರಮ್ ಒಳಗೆ ಆಯಿಲ್ ಇಲ್ಲ.